ಕೊಲೆಸ್ಟ್ರಾಲ್ ವಿಷವೇ ಆಗಿದ್ದರೆ ನಮ್ಮ ಮೈ ಅದನ್ನ ತಾನೇ ಯಾಕೆ ಮಾಡಿಕೊಳ್ಳುತ್ತದೆ?

ಮಗ್ಗದ ಮನೆ, ಇಳಕಲ್

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮವ್ವನಿಗೆ 58 ವರ್ಷ. ಅಪ್ಪ ಕುಣಿಮಗ್ಗದಲ್ಲಿ ಸೀರೆ ನೇಯುತ್ತಾರೆ. ಅವ್ವ ದಿನವಿಡೀ ರಾಟಿ ಮುಂದೆ ಕೂತು ಕಂಡಿಕೆ ಸುತ್ತುತ್ತಾಳೆ. ಕಳೆದ ತಿಂಗಳು ಮಂಡಿನೋವು ಅಂತ ತೋರಿಸಲು ಹೋದಾಗ ಡಾಕ್ಟರು ರಕ್ತ ಪರೀಕ್ಷೆ ಬರೆದುಕೊಟ್ಟರು. ಒಟ್ಟು ಕೊಲೆಸ್ಟ್ರಾಲ್ 248, ಒಳ್ಳೇದು ಅನ್ನೋ ಎಚ್‌ಡಿಎಲ್ 46, ರಕ್ತದಲ್ಲಿನ ಇನ್ನೊಂದು ಕೊಬ್ಬು ಟ್ರೈಗ್ಲಿಸರೈಡ್ 170, ಕೆಟ್ಟದ್ದು ಅನ್ನೋ ಎಲ್‌ಡಿಎಲ್ 168 ಬಂತು. ಬಿಪಿ ಇದೆ, ಸಕ್ಕರೆ ಇಲ್ಲ. ಕೊಲೆಸ್ಟ್ರಾಲ್ ಇಳಿಸಲು ರಾತ್ರಿ ಒಂದು ಸ್ಟ್ಯಾಟಿನ್ ಮಾತ್ರೆ ತಗೊಳ್ಳಿ, ಎಣ್ಣೆ ಕಡಿಮೆ ಮಾಡಿ ಅಂದರು. ಹೊರಗೆ ಇನ್ನೂ ಬಹಳ ಜನ ಕಾಯುತ್ತಿದ್ದರು. ಅಷ್ಟೇ ಮಾತು ಆಯಿತು.

ಡಾಕ್ಟರು ಕಡಿಮೆ ಅಂದದ್ದು ಅವ್ವನಿಗೆ ಬಂದ್ ಅಂತ ಕೇಳಿಸಿದೆ. ಒಗ್ಗರಣೆ ಬಂದ್, ಮೊಸರು ಬಂದ್, ಶೇಂಗಾ ಹಿಂಡಿ (ಚಟ್ನಿಪುಡಿ) ಬಂದ್. ಮೂರು ವಾರದಿಂದ ಬರೀ ರೊಟ್ಟಿ, ನೀರು ಸಾರು, ಅಂಬಲಿ. ಹಿಂಡಿ ಕುಟ್ಟುವವಳು ಅವಳೇ. ನಮ್ಮ ತಾಟಿಗೆ ಹಾಕುತ್ತಾಳೆ, ಬೆರಳಿಗೆ ಅಂಟಿದ್ದನ್ನ ಸೆರಗಿಗೆ ಒರೆಸಿಕೊಳ್ಳುತ್ತಾಳೆ, ಬಾಯಿಗೆ ಇಟ್ಟುಕೊಳ್ಳುವುದಿಲ್ಲ. ಅದನ್ನ ನೋಡಿದರೆ ನನಗೆ ಊಟ ಇಳಿಯುವುದಿಲ್ಲ.

ಇದರ ಮೇಲೆ ಪಕ್ಕದ ಮನೆ ಕಾಕಾ ವಾಟ್ಸಾಪಿನಲ್ಲಿ ಬಂದದ್ದೊಂದು ತೋರಿಸಿದರು. ಮೆದುಳು ಅಂದರೇನೇ ಕೊಲೆಸ್ಟ್ರಾಲ್, ಈ ಮಾತ್ರೆ ನುಂಗಿದರೆ ಮರೆವು ಹತ್ತುತ್ತದೆ ಅಂತ. ಅವ್ವ ಎಂಟು ದಿನ ನುಂಗಿ ಮಾತ್ರೆ ಬಿಟ್ಟಳು.

ನನಗೆ ತಿಳಿಯಬೇಕಾದದ್ದು ಇಷ್ಟು. ಈ ಕೊಲೆಸ್ಟ್ರಾಲ್ ಅಂದರೆ ಏನು? ಎಣ್ಣೆಯಾ, ಮೇಣವಾ? ನೋಡಲಿಕ್ಕೆ ಹೇಗಿರುತ್ತದೆ? ಮೈ ತಾನೇ ಮಾಡಿಕೊಳ್ಳುತ್ತದೆ ಅಂತಾರೆ, ಕೆಟ್ಟದ್ದಾದರೆ ಯಾಕೆ ಮಾಡಿಕೊಳ್ಳಬೇಕು? ಎಣ್ಣೆ ಪಾಕೀಟಿನ ಮೇಲೆ ಕೊಲೆಸ್ಟ್ರಾಲ್ ಇಲ್ಲ ಅಂತ ಬರೆದಿದೆ, ಅದನ್ನ ಎಷ್ಟಾದರೂ ತಿನ್ನಬಹುದಾ? ನಾನು ಕಾಮರ್ಸ್ ಓದಿದವನು. ಅವ್ವನಿಗೆ ಅರ್ಥ ಆಗುವ ಹಾಗೆ ಯಾರಾದರೂ ಹೇಳಿ. ಅರ್ಥ ಆಗದಿದ್ದರೆ ಅವಳು ಒಪ್ಪುವವಳಲ್ಲ.

ಕಬ್ಬಿನ ಹೊಲ, ಚಿಕ್ಕೋಡಿ

ತಮ್ಮಾ, ನನ್ನದು ಅನುಭವದ ಮಾತು ಮಾತ್ರ. ನನಗೆ ಎಲ್‌ಡಿಎಲ್ 150 ಇತ್ತು. ಮೂರು ತಿಂಗಳು ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಬೆಳ್ಳುಳ್ಳಿ ತಿಂದೆ, 146 ಆಯಿತು. ಆಮೇಲೆ ಮಾತ್ರೆ ಶುರು ಮಾಡಿದೆ, 92ಕ್ಕೆ ಬಂತು. ಇನ್ನೊಂದು ಮಾತು. ನನ್ನ ಮನೆಯವಳಿಗೂ ಹೀಗೇ ಜಾಸ್ತಿ ಬಂದಿತ್ತು. ನೋಡಿದರೆ ಥೈರಾಯ್ಡ್ ಕಡಿಮೆ ಇತ್ತು. ಅದಕ್ಕೆ ಔಷಧಿ ಕೊಟ್ಟ ಮೇಲೆ ಇದೂ ಇಳಿಯಿತು. ಅವ್ವನಿಗೆ ಥೈರಾಯ್ಡ್ ನೋಡಿದ್ದಾರಾ ಕೇಳಿ.

ನಿವೃತ್ತ ಮಾಸ್ತರ್, ವಿಜಯಪುರ

ಥೈರಾಯ್ಡ್ ಮಾತು ಬಹಳ ಸರಿ, ಅದನ್ನ ಮರೆಯಬೇಡ.

ತಮ್ಮಾ, ನಾನು 31 ವರ್ಷ ಕೆಮಿಸ್ಟ್ರಿ ಪಾಠ ಹೇಳಿದವನು. ಡಾಕ್ಟರಲ್ಲ. ಆದರೆ ಕೊಲೆಸ್ಟ್ರಾಲ್ ಅನ್ನೋ ವಸ್ತುವನ್ನ ಕೈಯಲ್ಲಿ ಹಿಡಿದು ನೋಡಿದ್ದೇನೆ. ಅಲ್ಲಿಂದಲೇ ಶುರು ಮಾಡುತ್ತೇನೆ.

2009ರಲ್ಲಿ ನನ್ನ ಹೆಂಡತಿಯ ಪಿತ್ತಕೋಶದ ಆಪರೇಷನ್ ಆಯಿತು. ಒಳಗಿದ್ದ ಏಳು ಕಲ್ಲುಗಳನ್ನ ಸರ್ಜನ್ ಒಂದು ಸಣ್ಣ ಬಾಟಲಿಯಲ್ಲಿ ಹಾಕಿ ಕೊಟ್ಟರು. ಕಲ್ಲು ಅಂತಾರೆ, ಆದರೆ ಕಲ್ಲಿನ ಭಾರ ಇಲ್ಲ. ನೆನೆದ ಕಡಲೆಯಷ್ಟು ಗಾತ್ರ. ತಿಳಿ ಹಳದಿ. ತಿಕ್ಕಿದರೆ ಒಣಗಿದ ಸಾಬೂನಿನ ಚೂರಿನ ಹಾಗೆ ಬೆರಳು ಜಾರುತ್ತದೆ. ಒಂದನ್ನ ಬ್ಲೇಡಿನಿಂದ ಎರಡು ಹೋಳು ಮಾಡಿದೆ. ನಡುವಿನಿಂದ ಅಂಚಿನ ತನಕ ಗಾಡಿ ಚಕ್ರದ ಅರಗಳ ಹಾಗೆ ಗೆರೆ, ಬೆಳಕಿಗೆ ಹಿಡಿದರೆ ಮಿನುಗು. ಅದನ್ನ ಪುಡಿ ಮಾಡಿ ಕಾಲೇಜಿನ ಲ್ಯಾಬಿನಲ್ಲಿ ಬಿಸಿ ಆಲ್ಕೋಹಾಲಿನಲ್ಲಿ ಕರಗಿಸಿ, ಸೋಸಿ, ಮುಚ್ಚಿಟ್ಟೆ. ಮರುದಿನ ಬೆಳಿಗ್ಗೆ ತಳದಲ್ಲಿ ಅಭ್ರಕದಂಥ ತೆಳು ಬಿಳಿ ಹಾಳೆಗಳು ಕೂತಿದ್ದವು. ಮೈಕ್ರೊಸ್ಕೋಪಿನಲ್ಲಿ ಇಟ್ಟರೆ ಚಪ್ಪಟೆ ಚೌಕಗಳು, ಒಂದು ಮೂಲೆಯನ್ನ ಯಾರೋ ಕತ್ತರಿಯಿಂದ ತೆಗೆದ ಹಾಗೆ. ಮಕ್ಕಳು ಒಬ್ಬರಾದ ಮೇಲೆ ಒಬ್ಬರು ಬಂದು ನೋಡಿದರು. ಅದೇ ಕೊಲೆಸ್ಟ್ರಾಲ್. ಎಣ್ಣೆ ಅಲ್ಲ, ಮೇಣದಂಥ ಗಟ್ಟಿ ಪದಾರ್ಥ. ಶುದ್ಧವಾಗಿದ್ದರೆ ಕರಗಲಿಕ್ಕೆ 148 ಡಿಗ್ರಿ ಸೆಲ್ಸಿಯಸ್ ಬೇಕು.

ಜಗತ್ತಿಗೂ ಇದು ಮೊದಲು ಸಿಕ್ಕಿದ್ದು ಪಿತ್ತದ ಕಲ್ಲಿನಲ್ಲೇ, 18ನೇ ಶತಮಾನದ ಫ್ರಾನ್ಸಿನಲ್ಲಿ. 1815ರಲ್ಲಿ ಶೆವ್ರಲ್ ಅನ್ನೋ ವಿಜ್ಞಾನಿ ಹೆಸರಿಟ್ಟ. ಗ್ರೀಕ್ ಭಾಷೆಯಲ್ಲಿ ಖೋಲೆ ಅಂದರೆ ಪಿತ್ತ, ಸ್ಟಿರಿಯೋಸ್ ಅಂದರೆ ಗಟ್ಟಿ. ಗಟ್ಟಿ ಪಿತ್ತ, ಅಷ್ಟೇ ಅರ್ಥ.

ಈಗ ಒಳಗಿನ ಕಟ್ಟಡ. ಒಂದು ಅಣುವಿನಲ್ಲಿ 27 ಇಂಗಾಲ, 46 ಜಲಜನಕ, ಒಂದೇ ಒಂದು ಆಮ್ಲಜನಕ. ನಾಲ್ಕು ಬಳೆ ಒಂದಕ್ಕೊಂದು ಅಂಟಿವೆ. ಮೂರಕ್ಕೆ ಆರು ಮೂಲೆ, ನಾಲ್ಕನೆಯದಕ್ಕೆ ಐದು. ಜೇನುಗೂಡಿನ ಮನೆಗಳ ಹಾಗೆ ಗೋಡೆ ಹಂಚಿಕೊಂಡಿವೆ. ಅದಕ್ಕೇ ಈ ಭಾಗ ಬಾಗುವುದಿಲ್ಲ, ಹಲಗೆಯ ಹಾಗೆ ಸೆಟೆದು ನಿಲ್ಲುತ್ತದೆ. ಒಂದು ತುದಿಗೆ ಎಂಟು ಇಂಗಾಲದ ಬಾಲ. ಇನ್ನೊಂದು ತುದಿಗೆ ಆ ಒಂಟಿ ಆಮ್ಲಜನಕ, ಜೊತೆಗೊಂದು ಜಲಜನಕ. ನೀರಿನ ಜೊತೆ ಸೇರುವುದು ಆ ತುದಿ ಒಂದೇ. ಉಳಿದ ಇಡೀ ಮೈ ನೀರನ್ನ ಕಂಡರೆ ದೂರ ಸರಿಯುತ್ತದೆ. ಈ ನಾಲ್ಕು ಬಳೆ ಹೇಗೆ ಕೂತಿವೆ ಅಂತ ಕಂಡುಹಿಡಿಯಲು ಇಬ್ಬರು ಜರ್ಮನ್ ವಿಜ್ಞಾನಿಗಳು ಆಯುಸ್ಸು ತೇಯ್ದರು. ವೀಲಾಂಡ್‌ಗೆ 1927ರ ನೊಬೆಲ್, ವಿಂಡಾಸ್‌ಗೆ 1928ರದ್ದು. ಬಹುಮಾನ ಬಂದಾಗ ಅವರು ಬರೆದ ಚಿತ್ರ ಪೂರ್ತಿ ಸರಿ ಇರಲಿಲ್ಲ! 1932ರಲ್ಲಿ ಅದು ಸರಿಯಾಯಿತು. ನನ್ನ ವಿದ್ಯಾರ್ಥಿಗಳಿಗೆ ಇದನ್ನ ಪ್ರತಿ ವರ್ಷ ಹೇಳುತ್ತಿದ್ದೆ.

ಯಾಕೆ ಬೇಕು ಅಂತ ಕೇಳಿದೆ. ನಮ್ಮ ಮೈಯ ಒಂದೊಂದು ಜೀವಕೋಶಕ್ಕೂ ಒಂದು ಪೊರೆ ಇದೆ. ಕೊಬ್ಬಿನ ಉದ್ದ ಬಾಲದ ಅಣುಗಳು ಎರಡು ಪದರ ಆಗಿ, ಬಾಲಗಳನ್ನ ಒಳಗೆ ಮಾಡಿಕೊಂಡು ನಿಂತಿರುತ್ತವೆ. ಬರೀ ಅವೇ ಇದ್ದರೆ ಬಿಸಿಗೆ ಸಡಿಲಾಗಿ ಓಡಾಡುತ್ತವೆ, ತಂಪಿಗೆ ಒತ್ತಾಗಿ ಹೆಪ್ಪುಗಟ್ಟುತ್ತವೆ. ಅವುಗಳ ನಡುನಡುವೆ ಕೊಲೆಸ್ಟ್ರಾಲ್ ತೂರಿಕೊಂಡು ನಿಲ್ಲುತ್ತದೆ. ನಿಮ್ಮಲ್ಲಿ ಹಾಸಿನ ನೂಲಿಗೆ ಗಂಜಿ ಹಚ್ಚುತ್ತೀರಲ್ಲ? ಗಂಜಿ ಇಲ್ಲದ ನೂಲು ಜೋಲುತ್ತದೆ, ಎಳೆ ಏಳುತ್ತದೆ. ಜಾಸ್ತಿಯಾದರೆ ಪಟ್ಟನೆ ಮುರಿಯುತ್ತದೆ. ಹದ ಬೇಕು. ಪೊರೆಯ ಆ ಹದ ಕಾಯುವುದೇ ಕೊಲೆಸ್ಟ್ರಾಲ್. ಕೋಶದ ಹೊರಪೊರೆಯಲ್ಲಿ ಕೆಲವು ಕಡೆ ಒಂದು ಕೊಬ್ಬಿನ ಅಣುವಿಗೆ ಒಂದರಂತೆ ಇದು ಇರುತ್ತದೆ, ಅಷ್ಟು ಬೇಕು. ಅವ್ವನಿಗೆ ಇದನ್ನ ಹೇಳು, ಅವಳಿಗೆ ನನಗಿಂತ ಚೆನ್ನಾಗಿ ಅರ್ಥ ಆಗುತ್ತದೆ.

ಅಲ್ಲಿಗೇ ಮುಗಿಯಲಿಲ್ಲ. ಇದೇ ನಾಲ್ಕು ಬಳೆಯ ಹಲಗೆಯನ್ನ ಇಟ್ಟುಕೊಂಡು, ಬಾಲ ಕತ್ತರಿಸಿ, ಅಲ್ಲೊಂದು ಇಲ್ಲೊಂದು ಆಮ್ಲಜನಕ ಜೋಡಿಸಿ ಮೈ ಹಾರ್ಮೋನು ಮಾಡಿಕೊಳ್ಳುತ್ತದೆ. 27 ಇಂಗಾಲ ಇದ್ದದ್ದು 21ಕ್ಕೆ ಇಳಿದರೆ ಕಾರ್ಟಿಸಾಲ್. 19 ಆದರೆ ಗಂಡಸರ ಟೆಸ್ಟೋಸ್ಟೆರಾನ್. 18 ಆದರೆ ಹೆಂಗಸರ ಈಸ್ಟ್ರೋಜೆನ್. ಬಸಿರು ಉಳಿಸುವ ಪ್ರೊಜೆಸ್ಟೆರಾನ್ ಸಹ ಇದರದ್ದೇ ಕೂಸು. ಚರ್ಮದಲ್ಲಿ ಕೊಲೆಸ್ಟ್ರಾಲ್ ಆಗಲು ಇನ್ನೊಂದೇ ಹೆಜ್ಜೆ ಉಳಿದಿರುವ ಒಂದು ವಸ್ತು ಇರುತ್ತದೆ. ಅದರ ಮೇಲೆ ಬಿಸಿಲು ಬಿದ್ದರೆ ಒಂದು ಬಳೆ ಬಿಚ್ಚಿಕೊಂಡು ಡಿ ವಿಟಮಿನ್ ದಾರಿ ಹಿಡಿಯುತ್ತದೆ. ರಾಟಿ ಮುಂದೆ ಕೂತವರಿಗೆ ಬಿಸಿಲು ಸಿಗುವುದು ಕಡಿಮೆ, ಮಂಡಿನೋವು ಬೇರೆ ಅಂದೆ. ಡಾಕ್ಟರ ಹತ್ತಿರ ಡಿ ವಿಟಮಿನ್ ವಿಚಾರವನ್ನೂ ಕೇಳು.

ಲಿವರ್ ಇದರಿಂದ ಪಿತ್ತದ ಆಮ್ಲಗಳನ್ನ ಮಾಡುತ್ತದೆ. ಅವಿಲ್ಲದೆ ತಿಂದ ಎಣ್ಣೆ ಜೀರ್ಣ ಆಗುವುದಿಲ್ಲ. ಪಿತ್ತದಲ್ಲಿ ಆ ಆಮ್ಲಗಳಿಗೆ ಕರಗಿಸಲಾಗದಷ್ಟು ಕೊಲೆಸ್ಟ್ರಾಲ್ ಸೇರಿದರೆ ಹರಳು ಕಟ್ಟುತ್ತದೆ. ನನ್ನ ಹೆಂಡತಿಗೆ ಆದದ್ದು ಅದೇ.

ಮೆದುಳಿನ ಮಾತಿಗೆ ಬರೋಣ. ಕಾಕಾ ಹೇಳಿದ್ದರಲ್ಲಿ ಅರ್ಧ ನಿಜ. ಮೆದುಳಿನ ತೂಕ ಮೈತೂಕದ ನೂರಕ್ಕೆ ಎರಡರಷ್ಟು. ಆದರೆ ಮೈಯ ಕೊಲೆಸ್ಟ್ರಾಲಿನ ಸುಮಾರು ಐದನೇ ಒಂದು ಪಾಲು ಅಲ್ಲೇ ಇದೆ. ನರದ ಎಳೆಗಳ ಮೇಲಿನ ಹೊದಿಕೆಗೆ ಅದು ಬೇಕು. ಕಾಕಾಗೆ ತಿಳಿಯದ ಅರ್ಧ ಇದು: ಮೆದುಳು ತನಗೆ ಬೇಕಾದದ್ದನ್ನ ಅಲ್ಲೇ ತಾನೇ ಮಾಡಿಕೊಳ್ಳುತ್ತದೆ. ರಕ್ತದಲ್ಲಿ ತಿರುಗುವ ಎಲ್‌ಡಿಎಲ್ ಮೆದುಳಿನ ಬಾಗಿಲು ದಾಟಿ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ 168 ಇದ್ದರೆ ನೆನಪು ಚುರುಕಾಗುತ್ತದೆ ಅಂತಲೂ ಇಲ್ಲ.

ಮಗ್ಗದ ಮನೆ, ಇಳಕಲ್

ಗುರುಗಳೇ, ನಿಮ್ಮದನ್ನ ನಿನ್ನೆ ರಾತ್ರಿ ಅವ್ವನಿಗೆ ಓದಿ ಹೇಳಿದೆ. ಗಂಜಿಯ ಮಾತಿಗೆ ರಾಟಿ ನಿಲ್ಲಿಸಿದಳು. "ಹಂಗಾದ್ರ ಇದು ನಮ್ಮ ಮೈಯಾಗಿನ ಸಾಮಾನು ಐತಿ, ಹೊರಗಿನ ಹೊಲಸಲ್ಲ" ಅಂದಳು. ಅಪ್ಪನೂ ಮಗ್ಗದ ಕುಣಿಯಲ್ಲೇ ಕೂತು ಕೇಳಿದರು.

ಆದರೆ ಅವಳದೇ ಇನ್ನೊಂದು ಪ್ರಶ್ನೆ. ಇಷ್ಟು ಬೇಕಾದದ್ದು ಅಂದಮೇಲೆ ಹಾರ್ಟಿಗೆ ಯಾಕೆ ಕೆಡುಕು ಮಾಡುತ್ತದೆ? ಮೂರು ವಾರ ಎಣ್ಣೆ ಬಿಟ್ಟರೂ ಮೈ ತಾನೇ ಮಾಡಿಕೊಂಡರೆ ತನ್ನ ಉಪವಾಸ ದಂಡ ಆಯಿತಾ?

ಕ್ಯಾಂಪ್ ಏರಿಯಾ, ಬೆಳಗಾವಿ

ತಮ್ಮಾ, ಅವ್ವನ ಪ್ರಶ್ನೆಗೆ ಮಾಸ್ತರ್ ಉತ್ತರ ಕೊಡಲಿ. ನಾನು ನಮ್ಮ ಮನೆಯ ಸಂಗತಿ ಒಂದು ಹೇಳುತ್ತೇನೆ. ಯಾರಿಗಾದರೂ ಉಪಯೋಗ ಆದೀತು.

ನಮ್ಮಣ್ಣನಿಗೆ 41ನೇ ವಯಸ್ಸಿಗೆ ಹಾರ್ಟ್ ಅಟ್ಯಾಕ್ ಆಯಿತು. ತೆಳ್ಳಗಿದ್ದ. ಸಿಗರೇಟು, ಕುಡಿತ ಇಲ್ಲ. ಎಲ್‌ಡಿಎಲ್ 260 ಇತ್ತು. ಡಾಕ್ಟರು ಅವನ ಹಿಮ್ಮಡಿ ಮೇಲಿನ, ಸ್ನಾಯುವನ್ನ ಎಲುಬಿಗೆ ಕಟ್ಟುವ ದಪ್ಪ ಹುರಿಯನ್ನ ಎರಡು ಬೆರಳಲ್ಲಿ ಹಿಡಿದು ನೋಡಿದರು. ಗಂಟುಗಂಟಾಗಿ ದಪ್ಪ ಆಗಿತ್ತು. ಚಪ್ಪಲಿ ಒತ್ತಿ ಹಾಗಾಗಿದೆ ಅಂತ ನಾವು ವರ್ಷಗಟ್ಟಲೆ ತಿಳಿದಿದ್ದೆವು. ಅದು ಕೊಲೆಸ್ಟ್ರಾಲ್ ಕೂತದ್ದು. ವಂಶದಲ್ಲೇ ಬರುವ ತೊಂದರೆ ಇದು, ಮನೆಯವರೆಲ್ಲ ಪರೀಕ್ಷೆ ಮಾಡಿಸಿ ಅಂದರು. ನನಗೆ 214 ಬಂತು, ಅಣ್ಣನ ಎರಡನೇ ಮಗನಿಗೂ ಜಾಸ್ತಿ ಬಂತು. ಆಗ ಅವನಿಗೆ 12 ವರ್ಷ.

ನಮ್ಮಪ್ಪ 47ಕ್ಕೆ ಹೋದರು. ಎದೆ ಹಿಡಿಯಿತು ಅಂದರು, ಅಷ್ಟೇ. ಆಗ ಯಾರಾದರೂ ನಮ್ಮೆಲ್ಲರ ರಕ್ತ ನೋಡಿದ್ದರೆ ಅಂತ ಈಗಲೂ ಅನಿಸುತ್ತದೆ. ಎಲ್‌ಡಿಎಲ್ 190 ದಾಟಿದವರು, ಮನೆಯಲ್ಲಿ ಸಣ್ಣ ವಯಸ್ಸಿಗೆ ಎದೆನೋವಿನಿಂದ ಹೋದವರು ಇದ್ದರೆ, ಊಟದಿಂದ ಸರಿ ಮಾಡುತ್ತೇನೆ ಅಂತ ಸುಮ್ನೆ ಕೂರಬೇಡಿ. ನಿಮ್ಮ ಅವ್ವನದು ಅಷ್ಟಿಲ್ಲ. ಆದರೂ ಅಜ್ಜ, ಅಮ್ಮ, ಮಾವ ಯಾರಿಗಾದರೂ ಹೀಗಾಗಿತ್ತಾ ಕೇಳಿ ಡಾಕ್ಟರಿಗೆ ಹೇಳಿ.

ನಿವೃತ್ತ ಮಾಸ್ತರ್, ವಿಜಯಪುರ

ಬೆಳಗಾವಿಯ ಅಕ್ಕಾವ್ರು ಬರೆದದ್ದನ್ನ ಎರಡು ಸಲ ಓದಿದೆ. ಆ ಹುಡುಗನಿಗೆ ಬೇಗ ಗೊತ್ತಾಯಿತಲ್ಲ, ದೊಡ್ಡ ಮಾತು.

ಅವ್ವನ ಪ್ರಶ್ನೆ ನನಗೆ ಬಹಳ ಹಿಡಿಸಿತು. ನೀರಿಗೆ ಸೇರದ ವಸ್ತು ರಕ್ತದಲ್ಲಿ ಹೇಗೆ ತಿರುಗಬೇಕು? ಅದಕ್ಕೆ ಲಿವರ್ ಗಂಟು ಕಟ್ಟಿ ಕಳಿಸುತ್ತದೆ. ಒಳಗೆ ಕೊಲೆಸ್ಟ್ರಾಲ್, ಹೊರಗೆ ನೀರಿಗೆ ಹೊಂದುವ ಪೊರೆ, ಸುತ್ತಲೂ ಒಂದು ಪ್ರೋಟೀನಿನ ಪಟ್ಟಿ. ಎಲ್‌ಡಿಎಲ್ ಅಂದರೆ ಅಂಥ ಗಂಟು. ಅಡ್ಡಗಲ ಸುಮಾರು 22 ನ್ಯಾನೊಮೀಟರ್, ಒಳತಿರುಳಿನಲ್ಲೇ ಸುಮಾರು 1500 ಕೊಲೆಸ್ಟ್ರಾಲ್ ಅಣುಗಳು. ಎಚ್‌ಡಿಎಲ್ ಇನ್ನೊಂದು ಬಗೆಯ ಗಂಟು, ಮಿಕ್ಕದ್ದನ್ನ ಲಿವರಿಗೆ ವಾಪಸ್ ತರುವುದರಲ್ಲಿ ಅದರ ಕೈ ಇದೆ. ಎರಡರ ಒಳಗೂ ಇರುವುದು ಒಂದೇ ಕೊಲೆಸ್ಟ್ರಾಲ್. ಒಳ್ಳೇದು, ಕೆಟ್ಟದ್ದು ಅಂತ ಎರಡು ಜಾತಿ ಇಲ್ಲ. ಎಲ್‌ಡಿಎಲ್ ಗಂಟುಗಳು ರಕ್ತದಲ್ಲಿ ಬಹಳ ಇದ್ದು, ಬಹಳ ದಿನ ತಿರುಗಿದರೆ ರಕ್ತನಾಳದ ಗೋಡೆಯೊಳಗೆ ನುಸುಳಿ ಸಿಕ್ಕಿಬೀಳುತ್ತವೆ. ಅವನ್ನ ಎತ್ತಿಹಾಕಲು ಬಂದ ಬಿಳಿ ರಕ್ತಕಣಗಳು ತಿಂದು ತಿಂದು ಉಬ್ಬಿ ಅಲ್ಲೇ ಉಳಿಯುತ್ತವೆ. ಅಲ್ಲಿ ಬಾವು, ಆಮೇಲೆ ಗಡ್ಡೆ. ಇದೆಲ್ಲ ಹತ್ತಾರು ವರ್ಷದ ಕೆಲಸ. ಬಿಪಿ ಇದ್ದರೆ ಇನ್ನೂ ಬೇಗ. ಅವ್ವನಿಗೆ ಬಿಪಿ ಇದೆ ಅಂತ ಬರೆದಿದ್ದೀ, ಅದಕ್ಕೇ ನಾನು ಈ ಮಾತನ್ನ ಒತ್ತಿ ಹೇಳುತ್ತಿದ್ದೇನೆ.

ಈ ಗಂಟುಗಳನ್ನ ರಕ್ತದಿಂದ ಎಳೆದುಕೊಳ್ಳಲು ಲಿವರಿನ ಮೈಮೇಲೆ ಕೊಂಡಿಗಳಿವೆ. ಇದನ್ನ ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಅಕ್ಕಾವ್ರ ಮನೆಯಲ್ಲಿ ಇರುವಂಥ ತೊಂದರೆಯಲ್ಲಿ ಹೆಚ್ಚಾಗಿ ಈ ಕೊಂಡಿಗಳೇ ಹುಟ್ಟಿನಿಂದ ಕಡಿಮೆ ಇರುತ್ತವೆ. ಹೆಂಗಸರಿಗೆ ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಇಳಿಯುತ್ತದೆ, ಆಗಲೂ ಕೊಂಡಿ ಕಡಿಮೆಯಾಗಿ ಎಲ್‌ಡಿಎಲ್ ಏರುತ್ತದೆ. 58 ವರ್ಷದ ಅವ್ವನಿಗೆ ಏರಿದ್ದಕ್ಕೆ ಅವಳ ಹಿಂಡಿಯೇ ಕಾರಣ ಅಂತ ಅವಳು ತನ್ನನ್ನ ಬೈದುಕೊಳ್ಳುವುದು ಬೇಡ.

ಉಪವಾಸದ ಮಾತು. ಮೈ ದಿನಕ್ಕೆ ಸುಮಾರು ಒಂದು ಗ್ರಾಂ ಕೊಲೆಸ್ಟ್ರಾಲ್ ತಾನೇ ಮಾಡಿಕೊಳ್ಳುತ್ತದೆ, ಎರಡೆರಡು ಇಂಗಾಲದ ತುಂಡುಗಳನ್ನ ಜೋಡಿಸಿ, ಮೂವತ್ತಕ್ಕೂ ಹೆಚ್ಚು ಹೆಜ್ಜೆಗಳಲ್ಲಿ. ಆ ತುಂಡು ರೊಟ್ಟಿಯಿಂದಲೂ ಬರುತ್ತದೆ. ಅಂಬಲಿ ಕುಡಿದರೂ ನಿಲ್ಲುವುದಿಲ್ಲ. ಆದರೆ ಊಟದಿಂದ ಏನೂ ಆಗದು ಅಂತ ತಿಳಿಯಬೇಡ. ತುಪ್ಪ, ಬೆಣ್ಣೆ, ಡಾಲ್ಡಾದಲ್ಲಿ ಇರುವ ಗಟ್ಟಿ ಕೊಬ್ಬು ಲಿವರಿನ ಕೊಂಡಿಗಳನ್ನ ಕಡಿಮೆ ಮಾಡುತ್ತದೆ, ಎಲ್‌ಡಿಎಲ್ ಏರುತ್ತದೆ. ಕಡಿಮೆ ಮಾಡಬೇಕಾದದ್ದು ಅದನ್ನ, ಬಜ್ಜಿ ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸುವುದನ್ನ. ಶೇಂಗಾ ಕೊಬ್ಬು ಬಹುಪಾಲು ತೆಳು ಜಾತಿಯದು. ಅದರಲ್ಲಿ ಕೊಲೆಸ್ಟ್ರಾಲ್ ಯಾವತ್ತೂ ಇರಲೇ ಇಲ್ಲ. ಗಿಡಗಳು ಕೊಲೆಸ್ಟ್ರಾಲಿನ ಬಳಗದ್ದೇ ಆದ ಬೇರೆ ಬಗೆಯ ಸ್ಟೆರಾಲ್ ಮಾಡಿಕೊಳ್ಳುತ್ತವೆ. ಪಾಕೀಟಿನ ಮೇಲೆ ಬರೆದದ್ದು ಸುಳ್ಳಲ್ಲ, ಆದರೆ ಯಾವ ಗಿಡದ ಎಣ್ಣೆಗೂ ಅದೇ ಮಾತು ಬರೆಯಬಹುದು. ಎಷ್ಟಾದರೂ ಸುರಿಯಲು ಅದು ಪರವಾನಗಿ ಅಲ್ಲ, ಎಣ್ಣೆ ಎಣ್ಣೆಯೇ.

ನಮ್ಮ ಕಡೆ ಬಿಳಿಜೋಳದ ಹೊಲದಲ್ಲಿ ಅಕ್ಕಡಿ ಸಾಲು ಕುಸುಬಿ ಹಾಕುತ್ತಿದ್ದರು. ಮುಳ್ಳಿಗೆ ದನ ಒಳಗೆ ಬರುತ್ತಿರಲಿಲ್ಲ, ಮನೆಗೆ ಎಣ್ಣೆಯೂ ಆಗುತ್ತಿತ್ತು. ನನ್ನವ್ವ ಹಿಂಡಿಗೆ ನಡುವೆ ಕುಳಿ ಮಾಡಿ ಹಸಿ ಕುಸುಬಿ ಎಣ್ಣೆ ಹಾಕಿಕೊಡುತ್ತಿದ್ದಳು. ಆ ಎಣ್ಣೆಯಲ್ಲಿ ಮುಕ್ಕಾಲು ಪಾಲು ಲಿನೋಲಿಕ್ ಆಮ್ಲ ಅನ್ನೋ ತೆಳು ಜಾತಿಯ ಕೊಬ್ಬು. ತುಪ್ಪದ ಬದಲು ಅಂಥದ್ದು ಬಳಸಿದರೆ ಎಲ್‌ಡಿಎಲ್ ಇಳಿಯುತ್ತದೆ. ಮಡಕಿ ಕಾಳು, ಅಗಸಿ ಹಿಂಡಿ, ಮೆಂತ್ಯ ಇವೂ ಇರಲಿ. ನಾಲ್ಕು ಬಳೆಯನ್ನ ಮುರಿದು ಸುಡುವ ಶಕ್ತಿ ನಮ್ಮ ಮೈಗೆ ಇಲ್ಲ. ಪಿತ್ತದ ಜೊತೆ ಕರುಳಿಗೆ ಇಳಿದು ಹೊರಗೆ ಹೋಗುವುದೇ ಅದಕ್ಕಿರುವ ದೊಡ್ಡ ದಾರಿ. ಆದರೆ ಪಿತ್ತದ ಆಮ್ಲದಲ್ಲಿ ನೂರಕ್ಕೆ 95 ಪಾಲು ಕರುಳಿನಿಂದ ವಾಪಸ್ ಬಂದುಬಿಡುತ್ತದೆ. ಕಾಳಿನ ನಾರು ಅದರಲ್ಲಿ ಒಂದಿಷ್ಟನ್ನ ಹಿಡಿದು ಹೊರಗೆ ಒಯ್ಯುತ್ತದೆ. ಕೊರತೆ ತುಂಬಲು ಲಿವರ್ ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುತ್ತದೆ.

ಮಾತ್ರೆಯೂ ಅದೇ ದಾರಿಯದು. ಜಪಾನಿನ ಅಕಿರಾ ಎಂಡೊ ಆರು ಸಾವಿರ ಬಗೆಯ ಬೂಷ್ಟು ಹುಡುಕಿದ ಮೇಲೆ 1973ರಲ್ಲಿ ಮೊದಲ ಸ್ಟ್ಯಾಟಿನ್ ಸಿಕ್ಕಿತು. ಕ್ಯೋಟೋದ ಒಂದು ಕಾಳಿನ ಅಂಗಡಿಯ ಅಕ್ಕಿಯ ಮೇಲಿದ್ದ ಬೂಷ್ಟಿನಲ್ಲಿ! ಅದು ಲಿವರಿನಲ್ಲಿ ಕೊಲೆಸ್ಟ್ರಾಲ್ ಮಾಡುವ ಒಂದು ಮುಖ್ಯ ಹೆಜ್ಜೆಯನ್ನ ನಿಧಾನ ಮಾಡುತ್ತದೆ, ಪೂರ್ತಿ ನಿಲ್ಲಿಸುವುದಿಲ್ಲ. ಆಗ ಲಿವರ್ ಕೊಂಡಿಗಳನ್ನ ಹೆಚ್ಚು ಮಾಡಿ ರಕ್ತದಿಂದ ತೆಗೆದುಕೊಳ್ಳುತ್ತದೆ. ಮಾತ್ರೆ ಬಿಟ್ಟ ವಿಷಯವನ್ನ ಮುಚ್ಚಿಡದೆ ಡಾಕ್ಟರಿಗೆ ಹೇಳಿ. ಮೈಕೈ ನೋವು, ಮರೆವು ಏನಾದರೂ ಅನಿಸಿದರೆ ಅದನ್ನೂ ಹೇಳಿ. ಬದಲಿ ಮಾತ್ರೆಗಳಿವೆ.

ಇನ್ನೊಂದು ಲೆಕ್ಕ, ನೀನು ಕಾಮರ್ಸ್ ಅಂದೆಯಲ್ಲ. ಟ್ರೈಗ್ಲಿಸರೈಡ್ 170ನ್ನ 5ರಿಂದ ಭಾಗಿಸು, 34. ಒಟ್ಟು 248ರಲ್ಲಿ 46 ಮತ್ತು 34 ಕಳೆ. 168. ಎಷ್ಟೋ ಲ್ಯಾಬುಗಳು ಎಲ್‌ಡಿಎಲ್ ಅಳೆಯುವುದಿಲ್ಲ, ಹೀಗೆ ಲೆಕ್ಕ ಹಾಕುತ್ತವೆ. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ನಡೆಯದು. ನಿಮ್ಮವ್ವನದು ನಡೆಯುತ್ತದೆ.

ಮಗ್ಗದ ಮನೆ, ಇಳಕಲ್

ಗುರುಗಳೇ, ಅಕ್ಕಾವ್ರೇ, ಚಿಕ್ಕೋಡಿ ಕಾಕಾ, ಎಲ್ಲರಿಗೂ ಕೈಮುಗಿದೆ. ಇವತ್ತು ಡಾಕ್ಟರ ಹತ್ತಿರ ಹೋಗಿ ಬಂದೆವು. ಮಾತ್ರೆ ಬಿಟ್ಟದ್ದನ್ನ ಅವ್ವ ತಾನೇ ಹೇಳಿದಳು. ಅವರು ಬೈಯಲಿಲ್ಲ. ಇವತ್ತು ರಾತ್ರಿಯಿಂದ ಮತ್ತೆ ಶುರು ಮಾಡಲು ಹೇಳಿದರು, ಥೈರಾಯ್ಡ್ ಮತ್ತು ಡಿ ವಿಟಮಿನ್ ಪರೀಕ್ಷೆಗೆ ರಕ್ತ ಕೊಟ್ಟಿದ್ದೇವೆ, ಮೂರು ತಿಂಗಳಿಗೆ ಕೊಲೆಸ್ಟ್ರಾಲ್ ಮತ್ತೆ ನೋಡೋಣ ಅಂದರು. ಅವ್ವನ ತಮ್ಮ, ನಮ್ಮ ಸೋದರಮಾವ 50ಕ್ಕೆ ಹೋಗಿದ್ದು ಎದೆನೋವಿನಿಂದಲೇ ಅಂತ ಅಕ್ಕಾವ್ರ ಮಾತು ಓದಿದ ಮೇಲೆ ನೆನಪಾಯಿತು. ಅದನ್ನೂ ಬರೆದುಕೊಂಡರು.

ಬರುವಾಗ ಗಾಣದಲ್ಲಿ ಅರ್ಧ ಲೀಟರ್ ಕುಸುಬಿ ಎಣ್ಣೆ ತಂದೆ. ಮಧ್ಯಾಹ್ನ ಅವ್ವ ತನ್ನ ತಾಟಿಗೆ ಎರಡು ಚಮಚ ಹಿಂಡಿ ಹಾಕಿಕೊಂಡಳು. ಬೆರಳಿನಿಂದ ಕುಳಿ ಮಾಡಿ, ಎಣ್ಣೆ ಬಿಡು ಅಂತ ನನ್ನ ಕಡೆ ತಾಟು ಸರಿಸಿದಳು.